ಕರೆದೊಯ್ಯುವವರಿದ್ದರಷ್ಟೇ ಹಕ್ಕು

2022ರ ಜೂನ್‌ನಲ್ಲಿ ಒಂದು ಶಾಸನಬದ್ಧ ಗಡುವು ಸದ್ದಿಲ್ಲದೆ ಮುಗಿದುಹೋಯಿತು. ವಿಕಲಚೇತನರ ಹಕ್ಕುಗಳ ಕಾಯ್ದೆ–2016ರ 45ನೇ ಸೆಕ್ಷನ್ ಪ್ರಕಾರ, ನಿಯಮಾವಳಿ ಪ್ರಕಟವಾದ ಐದು ವರ್ಷಗಳ ಒಳಗೆ ದೇಶದ ಎಲ್ಲ ಸಾರ್ವಜನಿಕ ಕಟ್ಟಡಗಳೂ ವಿಕಲಚೇತನರಿಗೆ ಪ್ರವೇಶಯೋಗ್ಯ ಆಗಬೇಕಿತ್ತು. ನಿಯಮಾವಳಿ ಹೊರಬಿದ್ದದ್ದು 2017ರ ಜೂನ್‌ನಲ್ಲಿ. ಗಡುವು ಮುಗಿದು ವರ್ಷಗಳೇ ಕಳೆದಿವೆ. ಎಷ್ಟೋ ಕಚೇರಿಗಳ ಮುಂದಿನ ಮೆಟ್ಟಿಲುಗಳು ಇದ್ದಲ್ಲೇ ಇವೆ.

ಈ ಲೋಪದ ಭಾರ ಎಲ್ಲರ ಮೇಲೂ ಸಮನಾಗಿ ಬಿದ್ದಿಲ್ಲ. ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ ಮತ್ತು ಎಚ್.ಡಿ. ಕೋಟೆ ಸೀಮೆಯ ಹಳ್ಳಿಗಳಲ್ಲಿ ಮತ್ತು ಗಿರಿಜನರ ಹಾಡಿಗಳಲ್ಲಿ ದೈಹಿಕ ಅಂಗವೈಕಲ್ಯದೊಂದಿಗೆ ಬದುಕುತ್ತಿರುವ ಮಹಿಳೆಯರ ಮೇಲೆ ಅದು ಇಮ್ಮಡಿಯಾಗಿ ಬಿದ್ದಿದೆ. ಪ್ರಮಾಣಪತ್ರವಿರಲಿ, ಪಿಂಚಣಿಯಿರಲಿ, ಹೆರಿಗೆಯಿರಲಿ, ಪೊಲೀಸ್ ದೂರಿರಲಿ, ಆಕೆಗೆ ಮೊದಲು ಬೇಕಾದದ್ದು ಕರೆದುಕೊಂಡು ಹೋಗುವ ಒಬ್ಬ ವ್ಯಕ್ತಿ. ಅಣ್ಣನಿಗೆ ಬಿಡುವಿದ್ದರೆ, ಗಂಡನಿಗೆ ಮನಸ್ಸಿದ್ದರೆ, ತಾಯಿಗೆ ಇನ್ನೂ ಕಸುವಿದ್ದರೆ ಹಕ್ಕು ಕೈಗೆಟಕುತ್ತದೆ, ಇಲ್ಲದಿದ್ದರೆ ಇಲ್ಲ. ಸಂಸತ್ತು ಕೊಟ್ಟ ಹಕ್ಕು ಮನೆಯವರ ಉಪಕಾರವಾಗಿ ಕುಗ್ಗಿರುವುದು ಮತ್ತು ಆ ಕುಗ್ಗುವಿಕೆಯನ್ನು ಆಡಳಿತವು ಸಹಜವೆಂದು ಒಪ್ಪಿಕೊಂಡಿರುವುದು ನಮ್ಮ ಆತಂಕಕ್ಕೆ ಕಾರಣ.

2011ರ ಜನಗಣತಿಯ ಪ್ರಕಾರ ರಾಜ್ಯದಲ್ಲಿ ಸುಮಾರು 13.24 ಲಕ್ಷ ವಿಕಲಚೇತನರಿದ್ದರು. ಅವರಲ್ಲಿ ಸುಮಾರು 5.98 ಲಕ್ಷ ಮಂದಿ ಮಹಿಳೆಯರು. ದೇಶದ 2.68 ಕೋಟಿ ವಿಕಲಚೇತನರಲ್ಲಿ ಶೇ 69ರಷ್ಟು ಮಂದಿ ಗ್ರಾಮವಾಸಿಗಳು. ಅದೇ ಗಣತಿ ತೋರಿಸಿದಂತೆ, ವಿಕಲಚೇತನ ಪುರುಷರಲ್ಲಿ ಶೇ 62ರಷ್ಟು ಮಂದಿ ಅಕ್ಷರಸ್ಥರಾಗಿದ್ದರೆ ಮಹಿಳೆಯರಲ್ಲಿ ಆ ಪ್ರಮಾಣ ಶೇ 45. ದುಡಿಯುವವರೆಂದು ದಾಖಲಾದ ಪುರುಷರು ಶೇ 47, ಮಹಿಳೆಯರು ಶೇ 23. ಅಂಗವೈಕಲ್ಯ ಇಬ್ಬರಿಗೂ ಇದೆ; ಶಾಲೆಯ ದಾರಿ ಮತ್ತು ಸಂಪಾದನೆಯ ದಾರಿ ಆಕೆಯ ಪಾಲಿಗೆ ಇನ್ನಷ್ಟು ಕಿರಿದಾಗಿದೆ.

ಈ ಅಂಕಿಗಳೂ ಹಳತಾಗಿವೆ. 2021ರಲ್ಲಿ ನಡೆಯಬೇಕಿದ್ದ ಜನಗಣತಿ ನಡೆಯಲಿಲ್ಲ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಐದನೇ ಸುತ್ತಿನಲ್ಲಿದ್ದ ಅಂಗವೈಕಲ್ಯದ ಪ್ರಶ್ನೆಗಳನ್ನು ಆರನೇ ಸುತ್ತಿನಲ್ಲಿ ಕೈಬಿಡಲಾಯಿತು. 2018ರ ರಾಷ್ಟ್ರೀಯ ಮಾದರಿ ಸಮೀಕ್ಷೆಯಂತೆ ಅಂಗವೈಕಲ್ಯದ ಪ್ರಮಾಣ ಪುರುಷರಲ್ಲಿ ಶೇ 2.4, ಮಹಿಳೆಯರಲ್ಲಿ ಶೇ 1.9. ರಸ್ತೆ ಮತ್ತು ದುಡಿಮೆಯ ಅಪಘಾತಗಳಿಗೆ ಪುರುಷರು ಹೆಚ್ಚು ಈಡಾಗುವುದು ಈ ವ್ಯತ್ಯಾಸದ ಒಂದು ಕಾರಣ ಇರಬಹುದು. ಆದರೆ ಮಗಳ ಮದುವೆಗೆ ಅಡ್ಡಿಯಾದೀತೆಂದು ಗಣತಿದಾರರ ಮುಂದೆ ವೈಕಲ್ಯವನ್ನು ಮರೆಮಾಚುವ ಕುಟುಂಬಗಳೂ ಇವೆಯೆಂಬುದನ್ನು ಹಳ್ಳಿಯ ಬದುಕು ಬಲ್ಲ ಯಾರೂ ಅಲ್ಲಗಳೆಯಲಾರರು. ಲೆಕ್ಕಕ್ಕೆ ಬಾರದವರ ಹೆಸರಿನಲ್ಲಿ ಅನುದಾನವೂ ಬಾರದು.

ಪೋಲಿಯೊ ನಿರ್ಮೂಲನೆಯೊಂದಿಗೆ ಸಮಸ್ಯೆಯೇ ಕರಗಿತೆಂಬ ಭಾವನೆ ಆಡಳಿತದ ಕೆಲವು ವಲಯಗಳಲ್ಲಿದೆ. ದೇಶದ ಕೊನೆಯ ಪೋಲಿಯೊ ಪ್ರಕರಣ ವರದಿಯಾದದ್ದು 2011ರ ಜನವರಿಯಲ್ಲಿ. ಭಾರತ ಪೋಲಿಯೊಮುಕ್ತ ಎಂಬ ಪ್ರಮಾಣೀಕರಣ ದೊರೆತದ್ದು 2014ರ ಮಾರ್ಚ್‌ನಲ್ಲಿ. ಅದು ಹೆಮ್ಮೆಯ ಸಾಧನೆ. ಆದರೆ ಲಸಿಕೆ ಮನೆಮನೆ ತಲುಪುವ ಮೊದಲು ಕಾಲಿನ ಶಕ್ತಿ ಕಳೆದುಕೊಂಡ ಹೆಣ್ಣುಮಕ್ಕಳು ಈಗ ನಡುವಯಸ್ಸಿನಲ್ಲಿದ್ದಾರೆ. ದಶಕಗಳ ಬಳಿಕ ಸ್ನಾಯುಗಳು ಮತ್ತೆ ಬಲಗುಂದುವುದು, ಬೇಗನೆ ಆಯಾಸವಾಗುವುದು ಈ ಕಾಯಿಲೆಯ ಗೊತ್ತಿರುವ ಲಕ್ಷಣ. ಅವರನ್ನು ಇಷ್ಟು ಕಾಲ ಎತ್ತಿ ಆಡಿಸಿದ ತಾಯ್ತಂದೆಯರು ಮುಪ್ಪಾಗಿದ್ದಾರೆ ಅಥವಾ ಇಲ್ಲವಾಗಿದ್ದಾರೆ. ನೆರವಿನ ಅಗತ್ಯ ಹೆಚ್ಚುತ್ತಿರುವ ಹೊತ್ತಿನಲ್ಲೇ ನೆರವಾಗುವ ಕೈಗಳು ಕಡಿಮೆಯಾಗುತ್ತಿವೆ.

ಹೊಸ ಕಾರಣಗಳೂ ಸೇರಿಕೊಂಡಿವೆ. ಹುಣಸೂರು, ಪಿರಿಯಾಪಟ್ಟಣಗಳ ಮೂಲಕ ಹಾದುಹೋಗುವ ಮೈಸೂರು–ಬಂಟ್ವಾಳ ಹೆದ್ದಾರಿಯ ಅಪಘಾತಗಳು, ಮಧುಮೇಹದಿಂದ ಕಾಲು ಕಳೆದುಕೊಳ್ಳುವುದು, ಲಕ್ವ, ನಾಗರಹೊಳೆ ಕಾಡಂಚಿನಲ್ಲಿ ವನ್ಯಜೀವಿಗಳ ದಾಳಿ ಇವೆಲ್ಲವೂ ಅಂಗವೈಕಲ್ಯವನ್ನು ತರುತ್ತವೆ. ಇದು ಮುಗಿದುಹೋದ ತಲೆಮಾರಿನ ಸಮಸ್ಯೆಯಲ್ಲ.

ಸವಲತ್ತುಗಳ ಮೊದಲ ಬಾಗಿಲು ಪ್ರಮಾಣಪತ್ರ. ಅದು ಸಿಕ್ಕರೆ ಮಾತ್ರ ವಿಕಲಚೇತನರ ವಿಶಿಷ್ಟ ಗುರುತಿನ ಚೀಟಿ, ಅಂದರೆ ಯುಡಿಐಡಿ ಕಾರ್ಡ್. ಕಾರ್ಡ್ ಇದ್ದರೆ ಮಾತ್ರ ಪಿಂಚಣಿ, ಸಾಧನ ಸಲಕರಣೆ, ಮೀಸಲಾತಿ. 2018ರ ಸಮೀಕ್ಷೆಯ ಪ್ರಕಾರ ದೇಶದ ವಿಕಲಚೇತನರಲ್ಲಿ ಪ್ರಮಾಣಪತ್ರ ಹೊಂದಿದ್ದವರು ಶೇ 28.8ರಷ್ಟು ಮಂದಿ ಮಾತ್ರ. ಪರಿಹಾರದ ವೇಗ ಹೆಚ್ಚಬೇಕಿದ್ದ ಹೊತ್ತಿನಲ್ಲಿ ನಡೆದದ್ದು ಅದಕ್ಕೆ ವಿರುದ್ಧ. 2024ರ ಅಕ್ಟೋಬರ್‌ನಲ್ಲಿ ಕೇಂದ್ರ ಸರ್ಕಾರ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಮಾಣಪತ್ರ ನೀಡಲು ವೈದ್ಯಕೀಯ ಪ್ರಾಧಿಕಾರಕ್ಕಿದ್ದ ಒಂದು ತಿಂಗಳ ಕಾಲಮಿತಿಯನ್ನು ಮೂರು ತಿಂಗಳಿಗೆ ಹಿಗ್ಗಿಸಿತು. ಎರಡು ವರ್ಷ ದಾಟಿದರೂ ಪ್ರಾಧಿಕಾರ ತೀರ್ಮಾನಿಸದಿದ್ದರೆ ಅರ್ಜಿಯೇ ನಿಷ್ಕ್ರಿಯವಾಗುತ್ತದೆ. ವಿಳಂಬ ಮಾಡಿದ್ದು ಕಚೇರಿ. ಮತ್ತೆ ಅಲೆಯಬೇಕಾದವಳು ಅರ್ಜಿದಾರಳು.

ಆ ಅಲೆದಾಟದ ದೂರವನ್ನೂ ಅಳೆಯಬೇಕು. ಈ ನಾಲ್ಕು ತಾಲ್ಲೂಕು ಕೇಂದ್ರಗಳಿಂದ ಮೈಸೂರಿಗೆ ಸುಮಾರು 40ರಿಂದ 70 ಕಿಲೊಮೀಟರ್. ರೈಲು ಇರುವುದು ಕೆ.ಆರ್. ನಗರಕ್ಕೆ ಮಾತ್ರ. ಎಚ್.ಡಿ. ಕೋಟೆ, ಸರಗೂರು ಭಾಗದ ಹಾಡಿಯೊಂದರಲ್ಲಿರುವ ಜೇನುಕುರುಬ ಮಹಿಳೆಗೆ ತಾಲ್ಲೂಕು ಕೇಂದ್ರವೇ ಒಂದು ದಿನದ ಪ್ರಯಾಣ ಆಗಬಹುದು. ತಾಲ್ಲೂಕು ಆಸ್ಪತ್ರೆಯಲ್ಲಿ ಮೂಳೆತಜ್ಞರು ಇಲ್ಲದಿದ್ದರೆ ಮತ್ತೆ ಮೈಸೂರು. ಜತೆಗೆ ಬರುವವರ ಒಂದು ದಿನದ ಕೂಲಿಯೂ ಹೋಗುತ್ತದೆ. ‘ಇನ್ನೊಂದು ಸಲ ನೋಡೋಣ’ ಎಂದು ಮನೆಯವರು ಹೇಳುವುದು ನಿರ್ದಯೆಯಿಂದಲ್ಲ, ಲೆಕ್ಕಾಚಾರದಿಂದ. ಆ ಲೆಕ್ಕಾಚಾರದಲ್ಲಿ ಮನೆಯ ಹೆಣ್ಣಿನ ಸರದಿ ಕೊನೆಗೇ ಬರುತ್ತದೆ.

2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆ ರಾಜ್ಯದ ಮಹಿಳೆಯರ ಚಲನೆಗೆ ಹೊಸ ಸ್ವಾತಂತ್ರ್ಯ ತಂದಿದೆ. 2025ರ ಜುಲೈನಲ್ಲಿ ಅದು 500 ಕೋಟಿ ಉಚಿತ ಟಿಕೆಟ್‌ಗಳ ಗಡಿ ಮುಟ್ಟಿತು. ಈ ಸಾಧನೆಯನ್ನು ನಾವು ಕಡೆಗಣಿಸುವುದಿಲ್ಲ. ಆದರೆ ಕ್ಯಾಲಿಪರ್ ಧರಿಸಿದ, ಊರುಗೋಲು ಹಿಡಿದ ಮಹಿಳೆಗೆ ಗ್ರಾಮಾಂತರ ಬಸ್ಸಿನ ಎತ್ತರದ ಮೆಟ್ಟಿಲು ಇನ್ನೂ ಅಡ್ಡಗೋಡೆಯೇ. ಆಕೆಗೆ ಟಿಕೆಟ್ ಉಚಿತ. ಹತ್ತಿಸುವ ಕೈಗಾಗಿ ಕಾಯುವುದು ಅನಿವಾರ್ಯ. ಹೊಸದಾಗಿ ಪ್ರಯಾಣಿಸುವವರಿಂದ ತುಂಬಿ ತುಳುಕುವ ಬಸ್ಸುಗಳಲ್ಲಿ ಮೀಸಲು ಆಸನ ಬಿಡಿಸಿಕೊಳ್ಳುವುದು ಮತ್ತೊಂದು ಜಗಳ. ಸಾರಿಗೆ ವಾಹನಗಳನ್ನೂ ನಿಲ್ದಾಣಗಳನ್ನೂ ಪ್ರವೇಶಯೋಗ್ಯಗೊಳಿಸಬೇಕು, ಸಾಧ್ಯವಿದ್ದಲ್ಲಿ ಹಳೆಯ ವಾಹನಗಳನ್ನೂ ಮಾರ್ಪಡಿಸಬೇಕು ಎಂದು ಕಾಯ್ದೆಯ 41ನೇ ಸೆಕ್ಷನ್ ಹೇಳುತ್ತದೆ. ಬಸ್ ಖರೀದಿಯ ಪ್ರತಿ ಟೆಂಡರಿನಲ್ಲೂ ಈ ಷರತ್ತು ಇದೆಯೇ ಎಂಬುದನ್ನು ಸಾರಿಗೆ ನಿಗಮ ಬಹಿರಂಗಪಡಿಸಬೇಕು.

ಗೃಹಲಕ್ಷ್ಮಿ ಯೋಜನೆಗೆ 2023ರ ಆಗಸ್ಟ್ 30ರಂದು ಚಾಲನೆ ದೊರೆತದ್ದು ಮೈಸೂರಿನಲ್ಲೇ. ತಿಂಗಳಿಗೆ ₹2,000 ಸಲ್ಲುವುದು ಪಡಿತರ ಚೀಟಿಯಲ್ಲಿ ಯಜಮಾನಿ ಎಂದು ನಮೂದಾದ ಮಹಿಳೆಗೆ. ಮದುವೆಯಾಗದೆ, ಇಲ್ಲವೇ ಗಂಡ ಬಿಟ್ಟು ತವರಿಗೆ ಮರಳಿ, ಅಣ್ಣನ ಮನೆಯಲ್ಲಿರುವ ವಿಕಲಚೇತನ ಮಹಿಳೆ ಆ ಚೀಟಿಯಲ್ಲಿ ಒಂದು ಹೆಸರು ಮಾತ್ರ, ಯಜಮಾನಿಯಲ್ಲ. ಮಹಿಳೆಯರಿಗಾಗಿ ರೂಪುಗೊಂಡ ಅತಿ ದೊಡ್ಡ ನೆರವು ಅತ್ಯಂತ ಅವಲಂಬಿತ ಮಹಿಳೆಯನ್ನೇ ಬದಿಗೊತ್ತುವುದು ಯೋಜನೆಯ ಉದ್ದೇಶ ಇರಲಾರದು. ಪರಿಣಾಮ ಮಾತ್ರ ಅದೇ. ಇದನ್ನು ಸರಿಪಡಿಸಲು ಬೇಕಿರುವುದು ಒಂದು ಆದೇಶ.

ಪಿಂಚಣಿಯ ಲೆಕ್ಕ ಇನ್ನೂ ಕಠೋರ. ಕೇಂದ್ರದ ಇಂದಿರಾ ಗಾಂಧಿ ರಾಷ್ಟ್ರೀಯ ಅಂಗವಿಕಲರ ಪಿಂಚಣಿ ತಿಂಗಳಿಗೆ ₹300. ಶೇ 80 ಅಥವಾ ಹೆಚ್ಚಿನ ವೈಕಲ್ಯ ಇರುವ ಬಡವರಿಗೆ ಮಾತ್ರ. 2012ರಲ್ಲಿ ನಿಗದಿಯಾದ ಆ ಮೊತ್ತ ಬದಲಾಗದೆ ಹಾಗೆಯೇ ಉಳಿದುಬಂದಿದೆ. ರಾಜ್ಯ ಸರ್ಕಾರ 2021ರಲ್ಲಿ ಪರಿಷ್ಕರಿಸಿದಂತೆ ಶೇ 40ರಿಂದ 75ರವರೆಗಿನ ವೈಕಲ್ಯಕ್ಕೆ ₹800, ಅದಕ್ಕೂ ಹೆಚ್ಚಿನ ವೈಕಲ್ಯಕ್ಕೆ ₹1,400. ಅದೇ ಪರಿಷ್ಕರಣೆಯಲ್ಲಿ ವೃದ್ಧರ ಸಂಧ್ಯಾ ಸುರಕ್ಷಾ ಮೊತ್ತ ₹1,200 ಆಯಿತು. ವಿಕಲಚೇತನರಿಗೆ ಕೊಡುವ ನೆರವು ಇತರರ ಸಮಾನ ಯೋಜನೆಗಳಿಗಿಂತ ಕನಿಷ್ಠ ಶೇ 25ರಷ್ಟು ಹೆಚ್ಚಿರಬೇಕು ಎಂಬುದು ಕಾಯ್ದೆಯ 24ನೇ ಸೆಕ್ಷನ್ನಿನ ಅಪೇಕ್ಷೆ. ₹1,200ಕ್ಕೆ ಶೇ 25 ಸೇರಿಸಿದರೆ ₹1,500 ಆಗುತ್ತದೆ. ಶಾಸನದ ಅಳತೆಗೂ ಖಜಾನೆಯ ಅಳತೆಗೂ ಇರುವ ಅಂತರಕ್ಕೆ ಆರ್ಥಿಕ ಇಲಾಖೆ ಉತ್ತರ ಕೊಡಬೇಕು.

ಆ ಮೊತ್ತವಾದರೂ ಆಕೆಯ ಕೈ ಸೇರುವುದು ಖಚಿತವಿಲ್ಲ. ಬ್ಯಾಂಕ್ ದೂರ, ಎಟಿಎಂ ಕಾರ್ಡ್ ಮತ್ತೊಬ್ಬರ ಜೇಬಿನಲ್ಲಿ. ಖಾತೆ ಆಕೆಯ ಹೆಸರಿನಲ್ಲಿದ್ದರೂ ಖರ್ಚಿನ ತೀರ್ಮಾನ ಆಕೆಯದಲ್ಲ. ಮನೆಬಾಗಿಲಲ್ಲಿ ಹಣ ಪಾವತಿಸುವ ವ್ಯವಸ್ಥೆ ಅಂಚೆ ಇಲಾಖೆಗೆ ಅಸಾಧ್ಯವೇನಲ್ಲ. ಅದನ್ನು ವಿಕಲಚೇತನ ಮಹಿಳೆಯರಿಗೆ ಅವರು ಕೇಳುವ ಮೊದಲೇ ಒದಗಿಸಬೇಕು.

ಆಕೆ ದುಡಿಯುವುದಿಲ್ಲ ಎಂಬ ಮಾತೂ ಪೂರ್ಣ ಸತ್ಯವಲ್ಲ. ಈ ಸೀಮೆ ವರ್ಜೀನಿಯಾ ಹೊಗೆಸೊಪ್ಪಿಗೆ ಹೆಸರಾದದ್ದು. ಎಲೆಗಳನ್ನು ಕಡ್ಡಿಗೆ ಕಟ್ಟುವುದು, ಬ್ಯಾರನ್‌ನಲ್ಲಿ ಹದಗೊಂಡ ಸೊಪ್ಪನ್ನು ಬಣ್ಣ, ಗುಣ ನೋಡಿ ವಿಂಗಡಿಸುವುದು ಇವೆಲ್ಲ ಕುಳಿತು ಮಾಡುವ ಕೆಲಸಗಳು. ಹೆಚ್ಚಾಗಿ ಹೆಂಗಸರ ಪಾಲಿನವು. ಕೆ.ಆರ್. ನಗರದ ಭತ್ತದ ಮನೆಗಳಲ್ಲೂ ಕುಳಿತಲ್ಲೇ ಮುಗಿಯುವ ದುಡಿಮೆಗೆ ಬರವಿಲ್ಲ. ಅಡುಗೆ, ಮಕ್ಕಳ ಆರೈಕೆ, ಕಾಳು ಹಸನು ಮಾಡುವುದು ಎಲ್ಲವನ್ನೂ ಮಾಡಿಯೂ ಕೂಲಿಯಿಲ್ಲದ ಕಾರಣಕ್ಕೆ ಆಕೆ ಮನೆಗೆ ಭಾರ ಎನಿಸಿಕೊಳ್ಳುತ್ತಾಳೆ. ಬಡತನ ನಿವಾರಣೆಯ ಎಲ್ಲ ಯೋಜನೆಗಳಲ್ಲಿ ವಿಕಲಚೇತನರಿಗೆ ಶೇ 5ರಷ್ಟು ಮೀಸಲು, ಅದರಲ್ಲಿ ಮಹಿಳೆಯರಿಗೆ ಆದ್ಯತೆ ಎಂದು 37ನೇ ಸೆಕ್ಷನ್ ಹೇಳುತ್ತದೆ. ಕೃಷಿಭೂಮಿ ಮತ್ತು ವಸತಿ ಹಂಚಿಕೆಗೂ ಇದೇ ಮಾತು ಅನ್ವಯ. ಹಂಚಿಕೆಯಾದ ಮನೆಗಳಲ್ಲಿ ಎಷ್ಟು ವಿಕಲಚೇತನ ಮಹಿಳೆಯರ ಹೆಸರಿಗೆ ನೋಂದಣಿಯಾಗಿವೆ ಎಂಬುದನ್ನು ತಾಲ್ಲೂಕುವಾರು ಪ್ರಕಟಿಸುವುದು ಕಷ್ಟದ ಕೆಲಸವಲ್ಲ.

ಮದುವೆಯ ವಿಚಾರದಲ್ಲಿ ಸಮಾಜ ತೋರುವ ಧೋರಣೆ ಇನ್ನೂ ಕಟುವಾದದ್ದು. ವೈಕಲ್ಯವುಳ್ಳ ಗಂಡಿಗೆ ‘ನೋಡಿಕೊಳ್ಳಲು’ ಹೆಣ್ಣು ಹುಡುಕುವ ಸಮಾಜ, ವೈಕಲ್ಯವುಳ್ಳ ಹೆಣ್ಣಿಗೆ ಮದುವೆಯೇ ಬೇಡವೆನ್ನುತ್ತದೆ. ಮಾಡಿದರೂ ಎರಡನೆಯ ಸಂಬಂಧಕ್ಕೋ ಹೆಚ್ಚಿನ ವರದಕ್ಷಿಣೆಗೋ ಒಪ್ಪಿಸುತ್ತದೆ. ವಿಕಲಚೇತನರನ್ನು ವರಿಸುವವರಿಗೆ ರಾಜ್ಯ ಸರ್ಕಾರ ₹50,000 ಪ್ರೋತ್ಸಾಹಧನ ನೀಡುತ್ತದೆ. ಆಶಯ ಒಳ್ಳೆಯದೇ. ಆದರೆ ಮದುವೆಯ ದಿನ ಬಂದ ಹಣದ ಬಳಿಕ ಆಕೆಯ ಸ್ಥಿತಿ ಏನಾಯಿತೆಂದು ವಿಚಾರಿಸುವ ವ್ಯವಸ್ಥೆ ಇಲ್ಲದಿದ್ದರೆ ಅದು ಮತ್ತೊಂದು ರೂಪದ ವರದಕ್ಷಿಣೆ ಆಗುವ ಅಪಾಯವಿದೆ.

ತಾಯ್ತನವನ್ನೂ ಕಾನೂನು ಗಮನಿಸಿದೆ. ಸಂತಾನ ಆರೋಗ್ಯ ಸೇವೆಯಲ್ಲಿ ವಿಕಲಚೇತನ ಮಹಿಳೆಯರನ್ನು 25ನೇ ಸೆಕ್ಷನ್ ವಿಶೇಷವಾಗಿ ಹೆಸರಿಸುತ್ತದೆ. ಮಕ್ಕಳ ಪಾಲನೆಗೆ ನೆರವಾಗುವ ಹೊಣೆಯನ್ನು 24ನೇ ಸೆಕ್ಷನ್ ಸರ್ಕಾರದ ಮೇಲಿಡುತ್ತದೆ. ರಾಜ್ಯದಲ್ಲಿ ಅಂಧ ತಾಯಂದಿರಿಗೆ ಶಿಶುಪಾಲನಾ ಭತ್ಯೆ ಇದೆ. ಎರಡೂ ಕಾಲುಗಳಲ್ಲಿ ಬಲವಿಲ್ಲದ, ಕೂಸನ್ನು ಎತ್ತಿ ನಡೆಯಲಾಗದ ತಾಯಿಗೂ ಅದನ್ನು ವಿಸ್ತರಿಸಬೇಕು. ತಾಲ್ಲೂಕು ಆಸ್ಪತ್ರೆಗಳಲ್ಲಿ ಎತ್ತರ ಹೊಂದಿಸಬಹುದಾದ ಪರೀಕ್ಷಾ ಮೇಜು, ಹಿಡಿಕೆಯುಳ್ಳ ಶೌಚಾಲಯ, ಗಾಲಿಕುರ್ಚಿ ಸಾಗುವಷ್ಟು ಅಗಲದ ಬಾಗಿಲು ಇವು ವೈಭೋಗಗಳಲ್ಲ. ಇವಿಲ್ಲದೆ ಗರ್ಭಿಣಿಯ ತಪಾಸಣೆಯೇ ನಡೆಯದು. ‘ಈ ಸ್ಥಿತಿಯಲ್ಲಿ ಮಗು ಯಾಕೆ ಬೇಕು’ ಎಂಬ ಪ್ರಶ್ನೆಯನ್ನು ಆಸ್ಪತ್ರೆಯ ಕಾರಿಡಾರಿನಲ್ಲಿ ಯಾರೂ ಕೇಳಕೂಡದು. ವಿಕಲಚೇತನ ಮಹಿಳೆಗೆ ಆಕೆಯ ಸಮ್ಮತಿಯಿಲ್ಲದೆ ಗರ್ಭಪಾತ ಮಾಡಿಸುವುದನ್ನು 92ನೇ ಸೆಕ್ಷನ್ ದಂಡನಾರ್ಹ ಅಪರಾಧಗಳ ಸಾಲಿನಲ್ಲಿ ಸೇರಿಸಿದೆ.

ಶೌಚಾಲಯದ ಕೊರತೆಯನ್ನು ಸಣ್ಣ ಅನನುಕೂಲವೆಂದು ತಳ್ಳಿಹಾಕಲಾಗದು. ಕುಕ್ಕರಗಾಲಿನಲ್ಲಿ ಕೂರಲಾಗದ ಮಹಿಳೆ, ಹೊರಗೆ ಹೋಗಬೇಕಾದ ದಿನ ನೀರು ಕುಡಿಯುವುದನ್ನೇ ಬಿಡುತ್ತಾಳೆ. ಮುಟ್ಟಿನ ದಿನಗಳಲ್ಲಿ ಮನೆಯಿಂದ ಹೊರಡುವುದೇ ಇಲ್ಲ. ಹೈಸ್ಕೂಲು ಮೆಟ್ಟಿಲೇರಿದ ಹುಡುಗಿ ಶಾಲೆ ಬಿಡುವುದಕ್ಕೆ ಇಷ್ಟೇ ಸಾಕು.

ಹಿಂಸೆಯ ವಿಷಯದಲ್ಲಿ ಮೌನ ಇನ್ನೂ ದಟ್ಟ. ನೋಡಿಕೊಳ್ಳುವವರೇ ಹಿಂಸಿಸಿದಾಗ ದೂರು ಕೊಡಲು ಕರೆದೊಯ್ಯುವವರು ಯಾರು? ಈ ಪ್ರಶ್ನೆಗೆ ಕಾನೂನಿನಲ್ಲಿ ಉತ್ತರವಿದೆ. ಲೈಂಗಿಕ ಅಪರಾಧಕ್ಕೆ ಒಳಗಾದ ವಿಕಲಚೇತನ ಮಹಿಳೆಯ ಹೇಳಿಕೆಯನ್ನು ಪೊಲೀಸರು ಆಕೆಯ ಮನೆಗೆ, ಇಲ್ಲವೇ ಆಕೆಗೆ ಅನುಕೂಲವಾದ ಸ್ಥಳಕ್ಕೆ ಹೋಗಿ ದಾಖಲಿಸಬೇಕು. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಸೆಕ್ಷನ್ ಇದನ್ನು ವಿಧಿಸುತ್ತದೆ. ಶೋಷಣೆಯ ಮಾಹಿತಿಯನ್ನು ಯಾರು ಬೇಕಾದರೂ ಕಾರ್ಯನಿರ್ವಾಹಕ ದಂಡಾಧಿಕಾರಿಗೆ ನೀಡಬಹುದು, ಅವರು ತಡೆಯಲು ಕ್ರಮ ಕೈಗೊಳ್ಳಬೇಕು ಎಂದು ವಿಕಲಚೇತನರ ಕಾಯ್ದೆಯ 7ನೇ ಸೆಕ್ಷನ್ ಹೇಳುತ್ತದೆ. ತಾಲ್ಲೂಕಿನಲ್ಲಿ ಆ ದಂಡಾಧಿಕಾರಿ ತಹಶೀಲ್ದಾರರೇ. ಈ ಅಧಿಕಾರವನ್ನು ಎಷ್ಟು ಬಾರಿ ಚಲಾಯಿಸಲಾಗಿದೆ ಎಂದು ತಿಳಿಯುವ ಹಕ್ಕು ನಾಗರಿಕರಿಗಿದೆ. ಉಚಿತ ಕಾನೂನು ನೆರವಂತೂ ಮಹಿಳೆಯಾಗಿಯೂ ವಿಕಲಚೇತನಳಾಗಿಯೂ ಆಕೆಗೆ ಸಲ್ಲಬೇಕಾದದ್ದೇ.

ಸ್ವಯಂಸೇವಾ ಸಂಸ್ಥೆಗಳು ಈ ಕೊರತೆಯನ್ನು ತುಂಬಬಹುದೆಂದು ಸರ್ಕಾರ ಕೈಕಟ್ಟಿ ಕೂರಬಾರದು. 1984ರಲ್ಲಿ ಹುಟ್ಟಿದ ಸ್ವಾಮಿ ವಿವೇಕಾನಂದ ಯೂತ್ ಮೂವ್‌ಮೆಂಟ್ ಎಚ್.ಡಿ. ಕೋಟೆ, ಸರಗೂರು ಭಾಗದ ಗಿರಿಜನರ ನಡುವೆ ಆರೋಗ್ಯ ಮತ್ತು ಶಿಕ್ಷಣ ಕ್ಷೇತ್ರಗಳಲ್ಲಿ ಮಾಡಿರುವ ಕೆಲಸ ಗೌರವಾರ್ಹ. ಆದರೆ ಸೇವೆಯು ಶಾಸನದ ಬದಲಿಯಲ್ಲ. ಹಾಗೆಯೇ, ಪೋಲಿಯೊ ಪೀಡಿತರಾಗಿಯೂ ಅಂತರರಾಷ್ಟ್ರೀಯ ಕ್ರೀಡಾಂಗಣದಲ್ಲಿ ಗೆದ್ದ ಪದ್ಮಶ್ರೀ ಮಾಲತಿ ಹೊಳ್ಳರಂಥವರನ್ನು ಕೊಂಡಾಡುವುದು ಸುಲಭ. ಸಾಮಾನ್ಯ ಮಹಿಳೆ ಅಸಾಮಾನ್ಯಳಾಗದೆಯೂ ಘನತೆಯಿಂದ ಬದುಕುವಂತೆ ಮಾಡುವುದು ಆಡಳಿತದ ಕರ್ತವ್ಯ.

ಹಣವಿಲ್ಲ ಎಂಬ ಸಬೂಬು ಇಲ್ಲಿ ನಿಲ್ಲುವುದಿಲ್ಲ. ಸ್ಥಳೀಯ ಸಂಸ್ಥೆಗಳು ತಮ್ಮ ನಿಧಿಯ ಶೇ 5ರಷ್ಟನ್ನು ವಿಕಲಚೇತನರಿಗೆ ವಿನಿಯೋಗಿಸಬೇಕೆಂಬ ಆದೇಶ ರಾಜ್ಯದಲ್ಲಿ ಜಾರಿಯಲ್ಲಿದೆ. ಅದು ಆರ್ಥಿಕ ವರ್ಷದ ಕೊನೆಯ ವಾರದ ಸಲಕರಣೆ ವಿತರಣೆಯಲ್ಲಿ ಕರಗಬಾರದು. ಗ್ರಾಮ ಪಂಚಾಯಿತಿಗಳಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ತಾಲ್ಲೂಕಿನಲ್ಲಿ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇದ್ದಾರೆ, ಅವರೂ ವಿಕಲಚೇತನರೇ. ಗೌರವಧನದ ಮೇಲೆ ದುಡಿಯುವ ಈ ಕಾರ್ಯಕರ್ತರು ಮನೆಮನೆಗೆ ಹೋಗಬೇಕೆಂದರೆ ಅವರಿಗೂ ವಾಹನ, ಭತ್ಯೆ, ಭದ್ರತೆ ಬೇಕು. ಜಾಲ ಇದೆ, ಅದಕ್ಕೆ ಕಸುವು ತುಂಬಿಲ್ಲ.

ಪ್ರಶ್ನಿಸುವ ವೇದಿಕೆಗಳೂ ಬರಿದಾಗಿವೆ. ತಾಲ್ಲೂಕು ಮತ್ತು ಜಿಲ್ಲಾ ಪಂಚಾಯಿತಿಗಳ ಅವಧಿ 2021ರಲ್ಲಿ ಮುಗಿದ ಮೇಲೆ ವರ್ಷಗಟ್ಟಲೆ ಚುನಾವಣೆ ನಡೆಸಲಿಲ್ಲ. ಪಂಚಾಯಿತಿಗಳಲ್ಲಿ ಮಹಿಳೆಯರಿಗೆ ಅರ್ಧದಷ್ಟು ಸ್ಥಾನ ಮೀಸಲಿಟ್ಟ ರಾಜ್ಯ, ವಿಕಲಚೇತನ ಮಹಿಳೆಗೆ ಒಂದು ಕುರ್ಚಿಯನ್ನೂ ಖಾತರಿಪಡಿಸಿಲ್ಲ. ಸ್ಥಳೀಯ ಸಂಸ್ಥೆಗಳಿಗೆ ವಿಕಲಚೇತನರನ್ನು ನಾಮನಿರ್ದೇಶನ ಮಾಡಲು ತಮಿಳುನಾಡು 2025ರಲ್ಲಿ ಕಾನೂನು ತಿದ್ದಿತು. ಸಾಮಾಜಿಕ ನ್ಯಾಯದ ರಾಜಕಾರಣಕ್ಕೆ ಹೆಸರಾದ ದೇವರಾಜ ಅರಸು ಅವರನ್ನು ಆರಿಸಿ ಕಳಿಸಿದ ಹುಣಸೂರು ಇರುವ ರಾಜ್ಯಕ್ಕೆ ಅದು ಅಸಾಧ್ಯವಾಗಬಾರದು.

ನ್ಯಾಯಾಂಗ ತನ್ನ ಮಾತು ಹೇಳಿದೆ. 2024ರ ನವೆಂಬರ್ 8ರಂದು ರಾಜೀವ್ ರತೂರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಪ್ರವೇಶಯೋಗ್ಯತೆಯನ್ನು ಬರಿಯ ಶಿಫಾರಸಿನ ಮಟ್ಟಕ್ಕೆ ಇಳಿಸಿದ್ದ 15(1)ನೇ ನಿಯಮ ಕಾಯ್ದೆಗೆ ವಿರುದ್ಧವೆಂದು ಸಾರಿ, ಕಡ್ಡಾಯ ಮಾನದಂಡಗಳನ್ನು ಮೂರು ತಿಂಗಳಲ್ಲಿ ರೂಪಿಸುವಂತೆ ಸೂಚಿಸಿತು. ಆ ತೀರ್ಪಿಗೆ ಅರ್ಥ ಬರುವುದು ನಾಡಕಚೇರಿಯ ಹೊಸ್ತಿಲಲ್ಲಿ.

ಆದ್ದರಿಂದ ಹೊಣೆಗಳನ್ನು ಹೆಸರಿಟ್ಟು ಹಂಚಬೇಕು. ಕಾಯ್ದೆಯ 72ನೇ ಸೆಕ್ಷನ್ ಅಡಿಯ ಜಿಲ್ಲಾ ಸಮಿತಿಯನ್ನು ಜಿಲ್ಲಾಡಳಿತ ನಿಯಮಿತವಾಗಿ ಕರೆಯಬೇಕು. ಅದರ ನಡಾವಳಿ ಸಾರ್ವಜನಿಕರಿಗೆ ಸಿಗಬೇಕು. ನಾಲ್ಕೂ ತಾಲ್ಲೂಕುಗಳ ಸರ್ಕಾರಿ ಕಚೇರಿ, ಆಸ್ಪತ್ರೆ, ಶಾಲೆ, ಬಸ್ ನಿಲ್ದಾಣಗಳ ಪರಿಶೋಧನೆ ನಡೆದು, ಪರಿಶೋಧನಾ ತಂಡದಲ್ಲಿ ವಿಕಲಚೇತನ ಮಹಿಳೆಯರೇ ಇರಬೇಕು. ಆರೋಗ್ಯ ಇಲಾಖೆ ಪ್ರಮಾಣೀಕರಣ ಶಿಬಿರಗಳನ್ನು ಹೋಬಳಿ ಮತ್ತು ಹಾಡಿಗಳಿಗೆ ಒಯ್ಯಬೇಕು. ಮಲಗಿದಲ್ಲೇ ಇರುವವರ ಮನೆಗೆ ವೈದ್ಯರೇ ಹೋಗಬೇಕು. ಜತೆಗಾರರ ಪ್ರಯಾಣ ಮತ್ತು ಕೂಲಿ ನಷ್ಟಕ್ಕೆ ಭತ್ಯೆ ನಿಗದಿಯಾಗಬೇಕು. ಪಿಂಚಣಿಯನ್ನು ಶಾಸನ ಹೇಳಿದ ಮಟ್ಟಕ್ಕೆ ಏರಿಸುವುದು, ಗೃಹಲಕ್ಷ್ಮಿಯಿಂದ ಹೊರಗುಳಿದ ವಿಕಲಚೇತನ ಮಹಿಳೆಗೆ ಪ್ರತ್ಯೇಕವಾಗಿ ನೆರವು ಸಲ್ಲಿಸುವುದು ರಾಜ್ಯ ಸಚಿವ ಸಂಪುಟದ ಕೆಲಸ. ಕಾಯ್ದೆಯ ಉಲ್ಲಂಘನೆಗೆ 89ನೇ ಸೆಕ್ಷನ್ ದಂಡ ವಿಧಿಸುತ್ತದೆ. ರಾಜ್ಯ ಆಯುಕ್ತರ ಕಚೇರಿ ಅದನ್ನು ನೆನಪಿಸಲು ಹಿಂಜರಿಯಬಾರದು.

ನಾಗರಿಕರ ಪಾಲಿನ ಕೆಲಸವೂ ಇದೆ. ಮುಂದಿನ ಗ್ರಾಮಸಭೆಯಲ್ಲಿ ಮೂರು ಲೆಕ್ಕಗಳನ್ನು ಕೇಳಿ: ಊರಿನಲ್ಲಿ ವೈಕಲ್ಯವುಳ್ಳ ಮಹಿಳೆಯರು ಎಷ್ಟು, ಅವರಲ್ಲಿ ಯುಡಿಐಡಿ ಕಾರ್ಡ್ ಇರುವವರು ಎಷ್ಟು, ಶೇ 5ರ ನಿಧಿಯಲ್ಲಿ ಅವರಿಗಾಗಿ ಖರ್ಚಾದದ್ದು ಎಷ್ಟು. ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ. ಸಭೆ ನಡೆಯುವ ಜಾಗಕ್ಕೆ ಆ ಮಹಿಳೆಯರು ಬರಲಾಗದಿದ್ದರೆ ಸಭೆಯ ಜಾಗವನ್ನು ಬದಲಿಸುವಂತೆ ಪಟ್ಟು ಹಿಡಿಯಿರಿ. ಪ್ರಶ್ನೆ ಕೇಳಲು ಅವರೇ ಅಲ್ಲಿ ಇರಬೇಕು. ಅವರ ಪರವಾಗಿ ಮನೆಯವರು ಮಾತಾಡಿ ಮುಗಿಸುವ ಪದ್ಧತಿ ಸಾಕು.